ಓಣಿ ತುಂಬ ಹಸಿ ಹಾಸು

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ವಿನಯದ ಸೋಗೂ ಬೇಕಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿ, ರಾಟಿ ತಿರುಗಿಸಿ ನೂಲಿನ ಕಂಡಿಕೆ ಸುತ್ತುತ್ತ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದಿದವಳು ನಾನು. ಎರಡೂ ಕೈಗೆ ಕೆಲಸ ಇರುತ್ತಿತ್ತು. ಹಾಳೆಯನ್ನು ಮೊಣಕೈಯಿಂದ ತಿರುವುತ್ತಿದ್ದೆ. ‘ಹೆಣ್ಣಿಗೆ ಕಾಲೇಜು ಯಾಕ ಬೇಕು, ಮಗ್ಗ ಏನು ಇತಿಹಾಸ ಕೇಳ್ತೈತೇನು?’ ಎಂದು ಓಣಿಯವರು ಆಡಿಕೊಂಡರು. ಆಡಿಕೊಂಡವರೇ ಮುಂದೆ ತಮ್ಮ ಮಕ್ಕಳ ಕಾಲೇಜಿನ ಅರ್ಜಿ ತುಂಬಿಸಲು ನನ್ನ ಹತ್ತಿರ ಬಂದರು. ತುಂಬಿಕೊಟ್ಟೆ. ಶಿರಹಟ್ಟಿಯ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದೆ. ಅವ್ವನನ್ನು ಕರೆದುಕೊಂಡು ಗದುಗಿನಲ್ಲಿ ಮನೆ ಮಾಡಿದೆ. ಆಮೇಲೆ ಒಂದು ಪತ್ತೇದಾರಿ ಕಾದಂಬರಿ ಬರೆಯಲು ಕುಳಿತೆ.

ಕೇಳಿದವರು ನಕ್ಕರು. ನಿವೃತ್ತ ಟೀಚರು ಮಕ್ಕಳ ಕತೆ ಬರೆಯಬೇಕು, ಇಲ್ಲವೇ ವಚನಕ್ಕೆ ಅರ್ಥ ಬರೆಯಬೇಕು. ಕೊಲೆಯ ಉಸಾಬರಿ ಯಾಕೆ? ಆದರೆ ನನಗೆ ಒಂದು ಸಿಟ್ಟಿತ್ತು. ಹಳೆಯ ಕಾಲದ ಕತೆ ಎಂದು ಬರುವ ಪುಸ್ತಕಗಳಲ್ಲಿ ನೇಕಾರ ಕಂಡರೆ ಸಾಕು, ಅವನು ಕನಸು ನೇಯುತ್ತಾನೆ. ನಮ್ಮ ಓಣಿಯಲ್ಲಿ ಕನಸು ನೇಯ್ದವರನ್ನು ನಾನು ಕಂಡಿಲ್ಲ. ಸೀರೆ ನೇಯುತ್ತಿದ್ದರು, ಸೊಂಟ ಹಿಡಿಯುತ್ತಿತ್ತು. ಒಂದು ಕೊಲೆ ಆದರೆ ಆ ಕೊಲೆ ಎಂಥ ಮನೆಯಲ್ಲಿ ಆಯಿತು, ನೇಕಾರ ಕಾಲಿಳಿಸಿ ಕೂಡುವ ಮಗ್ಗದ ಕುಣಿ ಎಲ್ಲಿತ್ತು, ಕಿಡಕಿ ಯಾವ ಕಡೆ ತೆರೆಯುತ್ತಿತ್ತು, ಯಾರಿಗೆ ಏನು ಕೇಳಿಸುತ್ತಿತ್ತು ಎಂಬುದೆಲ್ಲ ಖರೆ ಇರಬೇಕು ಎಂದು ನನ್ನ ಹಟ. ಒಂದು ದೀಪ ತಪ್ಪಿದರೂ ನನ್ನ ಡಿಗ್ರಿಗೆ ಅವಮಾನ ಎಂದೇ ತಿಳಿದಿದ್ದೆ.

ಕತೆಯ ಕಾಲ ಸಂಸ್ಥಾನಗಳ ಕೊನೆಗಾಲ. ಆಗ ಗದಗ–ಬೆಟಗೇರಿ ಬ್ರಿಟಿಷರದು, ಶಿರಹಟ್ಟಿ ಸಾಂಗಲಿ ರಾಜರದು, ಲಕ್ಷ್ಮೇಶ್ವರ ಮಿರಜ ರಾಜರದು. ಒಂದು ದಿನದ ನಡಿಗೆಯಲ್ಲಿ ಮೂರು ಸರಕಾರ. ನನ್ನ ಕೊಲೆಗಾರ ಬೆಟಗೇರಿಯಲ್ಲಿ ಕೊಲೆ ಮಾಡಿ ಗಡಿ ದಾಟಿ ಲಕ್ಷ್ಮೇಶ್ವರಕ್ಕೆ ಓಡುತ್ತಾನೆ. ಹಿಂದೆ ಬಂದ ಫೌಜದಾರ ಗಡಿಯಲ್ಲಿ ನಿಲ್ಲಬೇಕಾಗುತ್ತದೆ. ಇಷ್ಟು ಚಲೋ ಕತೆ ನಮ್ಮ ಕಾಲಬುಡದಲ್ಲೇ ಬಿದ್ದಿರುವಾಗ ಯಾರೂ ಬರೆದಿರಲಿಲ್ಲ ಎಂದು ನನಗೆ ಹೆಮ್ಮೆ ಬೇರೆ.

ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಶಿರಹಟ್ಟಿಯಲ್ಲಿ ಸಂಸ್ಥಾನದ ಕಾಲದ ಚಾವಡಿ ಹುಡುಕಿದೆ. ನಾನು ಅಷ್ಟು ವರ್ಷ ನೌಕರಿ ಮಾಡಿದ ಊರು, ಆದರೂ ಅದು ಎಲ್ಲಿತ್ತೆಂದು ಒಬ್ಬೊಬ್ಬರು ಒಂದೊಂದು ಕಡೆ ಬೆರಳು ತೋರಿಸಿದರು. ಮೊಬೈಲ್ ಅಂಗಡಿ, ಖಾಲಿ ಜಾಗ, ಮತ್ತೊಂದು ಮೊಬೈಲ್ ಅಂಗಡಿ. ಮುಂಡರಗಿ ರಸ್ತೆಯಲ್ಲಿ ಚಕ್ಕಡಿಗಳು ತಂಗುತ್ತಿದ್ದ ಜಾಗ ಕೇಳಿದೆ, ಪೆಟ್ರೋಲ್ ಪಂಪು. ಹೋದಲ್ಲೆಲ್ಲ ನಾನು ಮುಟ್ಟುವ ಮೊದಲೇ ಯಾರೋ ಬಂದು ಒರೆಸಿ ಹೋದಂತೆ ಇತ್ತು. ಕಳ್ಳ ಸಾಕ್ಷಿ ಅಳಿಸಿದರೆ ಪತ್ತೇದಾರನಿಗೆ ಸಿಟ್ಟು ಬರುತ್ತದೆ. ಇಲ್ಲಿ ಕಳ್ಳನೂ ಇಲ್ಲ. ಎಲ್ಲರೂ ತಮ್ಮ ತಮ್ಮ ಹೊಟ್ಟೆಪಾಡಿಗೆ ಅಳಿಸಿದ್ದರು.

ಲಕ್ಷ್ಮೇಶ್ವರದಲ್ಲಿ ಮಾತ್ರ ಒಬ್ಬ ಚಾಚಾ ಸಿಕ್ಕರು. ಅವರ ತಂದೆ, ಅಜ್ಜ ಎಲ್ಲ ಕಂದೀಲು ದುರಸ್ತಿ ಮಾಡಿದವರು. ಈಗ ಮಕ್ಕಳು ಅದೇ ಅಂಗಡಿಯಲ್ಲಿ ಮಿಕ್ಸರ್ ದುರಸ್ತಿ ಮಾಡುತ್ತಾರೆ. ನಾನು ಆಗಿನ ಕಂದೀಲಿನ ಬೆಳಕು ಎಷ್ಟು ದೂರ ಬೀಳುತ್ತಿತ್ತೆಂದು ಕೇಳಿದೆ.

‘ಯಾಕ್ರೀ ಬಾಯಾರ?’

‘ಕೊಲೆಗಾರ ಓಡ್ತಿರ್ತಾನ ಚಾಚಾ, ಆವಾಗ…’

‘ಯಾ ಅಲ್ಲಾ!’ ಅವರು ಹಣೆ ಬಡಿದುಕೊಂಡರು. ‘ಕೊಲಿ ಮಾಡಿದಾಂವ ಕಂದೀಲ ಹಿಡಕೊಂಡು ಓಡ್ತಾನೇನ್ರೀ? ನಾ ಇಲ್ಲೇ ಅದೀನಿ, ಬಂದು ಹಿಡೀರಿ ಅಂತ?’

‘ಅಷ್ಟೂ ತಿಳೀದಂಗ ನಾ ಸಾಲಿ ಕಲ್ಸೀನೇನು? ಕಂದೀಲ ಫೌಜದಾರಂದು.’

‘ಹಾಂ, ಹಂಗ ಹೇಳ್ರಿ ಮತ್ತ. ಫೌಜದಾರಂದು ಇದ್ರ ಗಾಜು ಒಡದದ್ದು ಇರಬೇಕು. ಸರಕಾರಿ ಕಂದೀಲ ನಮ್ಮಪ್ಪನ ಕೈಗೆ ಬಂದಾಗೆಲ್ಲ ಗಾಜು ಒಡದೇ ಇರತಿತ್ತಂತ.’

ಮಗ ಒಳಗಿನಿಂದ, ‘ಅಬ್ಬಾ, ಈಗಿನ ಸರಕಾರಿ ಹಾಸ್ಟೆಲ್ಲಿನ ಮಿಕ್ಸರನೂ ಹಂಗ ಬರ್ತಾವ’ ಎಂದ. ಮೂವರೂ ನಕ್ಕೆವು. ಈ ಕೆಲಸದಲ್ಲಿ ನಾನು ಇನ್ನೊಬ್ಬರ ಜೊತೆ ನಕ್ಕದ್ದು ಅದೇ ಕೊನೆಯಿರಬೇಕು.

ಉಳಿದಿದ್ದು ನಮ್ಮ ಓಣಿ. ಅಲ್ಲಿಗೆ ಕೊನೆಗೆ ಹೋದೆ. ನಮ್ಮದೇ ಅಲ್ಲವೇ, ಎಲ್ಲಿ ಹೋಗುತ್ತದೆ ಎಂಬ ಧೈರ್ಯ. ಅವ್ವ ಹುಟ್ಟಿದ್ದೂ ಅದೇ ಓಣಿಯಲ್ಲಿ, ಲಗ್ನವಾಗಿ ಬಂದದ್ದೂ ಅದೇ ಓಣಿಯ ನಾಲ್ಕು ಮನೆ ಆಚೆಗೆ. ಓಣಿಯ ಕೊನೆಯಲ್ಲಿ ಒಂದು ಸೇದುವ ಬಾವಿ ಇತ್ತು. ಈಗ ಅದರ ಬಾಯಿಗೆ ಕಲ್ಲು ಚಪ್ಪಡಿ ಹೊದಿಸಿ ಮೇಲೆ ನೀರಿನ ಟಾಕಿ ಕೂಡಿಸಿದ್ದಾರೆ. ನನ್ನ ಕಾದಂಬರಿಯಲ್ಲಿ ಹೆಣ ಸಿಗುವುದು ಬಾವಿಯಲ್ಲಿ. ಹಗ್ಗ ಹಾಯುವ ಗಡಗಡಿ ಕಟ್ಟಿಗೆಯದೋ ಕಬ್ಬಿಣದ್ದೋ, ಕಟ್ಟೆ ಎಷ್ಟು ಎತ್ತರ, ರಾತ್ರಿ ಹಗ್ಗ ಅಲ್ಲೇ ಇರುತ್ತಿತ್ತೋ ಮನೆಗೆ ಒಯ್ಯುತ್ತಿದ್ದರೋ ಎಂದು ಮನೆ ಮನೆ ಹೊಕ್ಕು ಕೇಳಿದೆ. ಹಳಬರು ಉತ್ತರ ಕೊಡುತ್ತಿದ್ದರು, ಆದರೆ ಕೊಟ್ಟು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಒಬ್ಬ ಮುದುಕಿಯಂತೂ, ‘ಬಾವಿ ಸುದ್ದಿ ಯಾಕವ್ವ, ಬ್ಯಾರೆ ಏನರ ಕೇಳು’ ಎಂದಳು. ನನಗೆ ಅದರ ಅರ್ಥ ಆಗಲಿಲ್ಲ. ಬಾವಿ ಮುಚ್ಚಿದ್ದಕ್ಕೆ ಬೇಜಾರಿರಬೇಕು ಎಂದುಕೊಂಡೆ.

ಅದಾಗಿ ಕೆಲವು ದಿನಕ್ಕೆ, ಒಂದು ಮುಂಜಾನೆ, ಮನೆಯ ಮುಂದೆ ಒಬ್ಬ ಮುದುಕ ಬಂದು ನಿಂತರು. ಬಿಳಿ ಟೋಪಿ, ಇಸ್ತ್ರಿ ಮಾಡಿದ ಧೋತರ, ಕೈಯಲ್ಲಿ ಕೋಲು. ಮುಂಡರಗಿಯಿಂದ ಬಸ್ಸಿಗೆ ಬಂದಿದ್ದರು. ಹಬ್ಬಕ್ಕೆ ಬಂದವರ ಹಾಗೆ ಕೂದಲಿಗೆ ಎಣ್ಣೆ ಹಚ್ಚಿದ್ದರು.

‘ಬಾವಿ ಬಗ್ಗೆ ವಿಚಾರಣಿ ಮಾಡೂ ಅಕ್ಕಾರ ನೀವ ಏನ್ರೀ?’

ವಿಚಾರಣೆ ಎಂಬ ಮಾತು ಕೇಳಿ ಗಾಬರಿಯಾಯಿತು. ಒಳಗೆ ಕರೆದು ಕೂಡ್ರಿಸಿದೆ. ಅವ್ವ ಸ್ನಾನಕ್ಕೆ ಹೋಗಿದ್ದಳು. ನಾನು ಬಾವಿ ಕೇಳುತ್ತ ತಿರುಗಿದ ಸುದ್ದಿ ಓಣಿಯವರಿಂದ ಮುಂಡರಗಿಗೂ ಮುಟ್ಟಿತ್ತಂತೆ. ಅವರು ನೀರು ಕೂಡ ಕುಡಿಯದೆ ಹೇಳಲು ಶುರು ಮಾಡಿದರು.

ಅವರ ಅಕ್ಕನನ್ನು ನಮ್ಮ ಓಣಿಗೆ ಕೊಟ್ಟಿದ್ದರು. ತವರು ಕಣಗಿನಹಾಳ, ಅವರದೂ ಮಗ್ಗದ ಮನೆ. ಸಂಸ್ಥಾನಗಳು ಹೋಗಿ ಸ್ವಂತ ಸರಕಾರ ಬಂದ ಹೊಸತು, ಇವರಿನ್ನೂ ಸಣ್ಣ ಹುಡುಗ. ಒಂದು ದಿನ ಮುಂಜಾನೆ ಖಬರು ಬಂತು: ನಿಮ್ಮ ಮಗಳು ಬಾವಿಯಲ್ಲಿ ಕಾಲು ಜಾರಿ ಬಿದ್ದಾಳೆ. ಅಪ್ಪ, ಅವ್ವ, ಇವರು ಚಕ್ಕಡಿಯಲ್ಲಿ ಬಂದರು. ಬರುವಷ್ಟರಲ್ಲಿ ಎತ್ತಿ ಮಲಗಿಸಿದ್ದರು.

‘ಓಣಿ ಮಂದಿ ಎಲ್ಲಾರೂ ಒಂದ ಮಾತು ಅಂದ್ರು, ಕಾಲ ಜಾರಿತು. ಫೌಜದಾರನೂ ಹಂಗ ಬರಕೊಂಡ ಹೋದ. ಅಕಿ ಅತ್ತಿಮನಿಯವ್ರು ವರ್ಷ ತುಂಬೂದ್ರಾಗ ಊರು ಬಿಟ್ರು. ನಮ್ಮಪ್ಪ ಸಾಯೂತನಕ ಒಂದ ಕೇಳ್ತಿದ್ದ, ಅಕಿ ಬಿದ್ಲೋ, ಹಾರಿದ್ಲೋ, ನೂಕಿದ್ರೋ. ಈಗ ನನ್ನ ಪಾಳಿ ಬಂದೈತಿ. ನಾ ಹೋಗೂದ್ರಾಗ ಇದೊಂದು ತಿಳಿದ್ರ ಸಾಕು ನೋಡ್ರಿ. ಯಾರನ್ನೂ ಜೇಲಿಗೆ ಹಾಕೂದು ಬ್ಯಾಡ.’

ನಾನು ತಿಳಿಸಿ ಹೇಳಿದೆ. ‘ಕಾಕಾ, ನಾ ಪೊಲೀಸರಾಕಿ ಅಲ್ಲ. ಬರೇ ಕತಿ ಬರೀತೀನಿ. ಸುಳ್ಳ ಕೊಲಿ, ಸುಳ್ಳ ಫೌಜದಾರ.’

‘ಸುಳ್ಳ ಕತಿಗೆ ಇಷ್ಟು ತಿರಗ್ತಾರೇನು?’ ಅವರು ನಂಬಲಿಲ್ಲ. ‘ಗಡಗಡಿ ಎಂಥಾದು ಕೇಳೀರಿ, ಹಗ್ಗ ಕೇಳೀರಿ, ಕಟ್ಟಿ ಎತ್ತರ ಕೇಳೀರಿ. ಆವಾಗಿನ ಫೌಜದಾರ ಸೈತ ಇಷ್ಟು ಕೇಳಿದ್ದಿಲ್ಲ.’

ಈ ಮಾತಿಗೆ ನಾನು ಸೋತೆ. ಸೋತೆ ಅನ್ನುವುದಕ್ಕಿಂತ ಉಬ್ಬಿದೆ ಎನ್ನಬೇಕು. ಯಾರೂ ಕೇಳದ್ದನ್ನು ಕೇಳಿದವಳು ನಾನು, ಓದಿದವಳು ನಾನು. ಹುಡುಕುತ್ತೇನೆ ಎಂದುಬಿಟ್ಟೆ. ಅವರು ಎದ್ದು ನಿಂತು ನನಗೆ ಕೈ ಮುಗಿದರು. ಅಪ್ಪನ ವಯಸ್ಸಿನವರು ಕೈ ಮುಗಿದದ್ದು ನನಗೆ ಒಗ್ಗಲಿಲ್ಲ, ಆದರೂ ಮುಗಿಸಿಕೊಂಡೆ.

ಸ್ನಾನ ಮುಗಿಸಿ ಬಂದ ಅವ್ವ ‘ಯಾರು ಬಂದಿದ್ರು?’ ಎಂದಳು. ಮುಂಡರಗಿಯವರು, ಕತೆಯ ಕೆಲಸಕ್ಕೆ ಎಂದೆ. ಅವಳು ಹೆಚ್ಚು ಕೇಳಲಿಲ್ಲ.

ಕಚೇರಿಗಳಿಗೆ ಹೋದೆ. ಅಷ್ಟು ಹಿಂದಿನದು ಏನೂ ಉಳಿದಿಲ್ಲ ಎಂದರು. ಉಳಿದಿದ್ದರೂ ಅದರಲ್ಲಿ ಕಾಲು ಜಾರಿತು ಎಂದೇ ಇರುತ್ತಿತ್ತು. ಹಾಗಾಗಿ ನನ್ನ ಹತ್ತಿರ ಇದ್ದದ್ದು ಕಾದಂಬರಿಗೆಂದು ಕೂಡಿಸಿದ ಸಾಮಾನು ಮಾತ್ರ. ಹಳೆಯ ಕ್ಯಾಲೆಂಡರಿನ ಹಿಂದೆ ಓಣಿಯ ನಕ್ಷೆ ಬರೆದೆ. ಯಾರ ಮನೆ ಎಲ್ಲಿ, ಬಾಗಿಲು ಯಾವ ಕಡೆ, ಯಾರ ಮಗ್ಗ ಕಿಡಕಿಯ ಹತ್ತಿರ. ಕಾಕಾನ ಅಕ್ಕನ ಅತ್ತೆಮನೆ ಓಣಿಯ ಎಡಗಡೆ. ಬಾವಿ ಬಲಗಡೆಯ ಕೊನೆ. ಬಾವಿಗೆ ಹತ್ತಿಕೊಂಡೇ ಇದ್ದದ್ದು ನಮ್ಮ ಅವ್ವನ ತವರು, ನನ್ನ ತಾಯಿಯ ತಂದೆಯ ಮನೆ.

ಹೇಗೆ ಸತ್ತಳೆಂದು ತಿಳಿಯಬೇಕಾದರೆ ಮೊದಲು ಆ ಮುಂಜಾನೆ ಹೇಗಿತ್ತೆಂದು ತಿಳಿಯಬೇಕು ಎಂದು ಕಾಕಾನಿಗೆ ಫೋನು ಹಚ್ಚಿದೆ. ನೆನಪಿದ್ದದ್ದನ್ನು ಹೇಳಿ, ಎಷ್ಟು ಸಣ್ಣದಿದ್ದರೂ ಹೇಳಿ ಎಂದೆ. ಅವರ ಮಗಳು ಫೋನನ್ನು ಅವರ ಕಿವಿಗೆ ಹಿಡಿದಳು.

‘ಅವ್ವ ಅಳಾಕ ಹತ್ತಿದ್ಲು. ಅಪ್ಪ ನನ್ನ ಕೈ ಹಿಡದಿದ್ದ. ಓಣಿಯೊಳಗ ಬರಿಗಾಲಿಲೆ ನಡದ್ರ ಅಂಗಾಲಿಗೆ ಅಂಟು ಹತ್ತತಿತ್ತು. ಎಲ್ಲಾರೂ ಅಳಾಕ ಹತ್ಯಾರ, ನಾ ನಿಂತು ಕಾಲು ಗ್ವಾಡಿಗೆ ತಿಕ್ಕಾಕ ಹತ್ತಿದ್ನಿ. ಅಷ್ಟ ನೆನಪೈತಿ.’

ಫೋನು ಇಟ್ಟ ಮೇಲೆ ಎದ್ದು ಕುಣಿಯಬೇಕೆನಿಸಿತು. ಅಂಟು ಅಂದರೆ ಗಂಜಿ. ಅಂದರೆ ಅವತ್ತು ಮುಂಜಾನೆ ಓಣಿಯಲ್ಲಿ ಹಾಸಿನ ನೂಲಿಗೆ ಗಂಜಿ ಹಾಕಿದ್ದರು.

ಇದನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು. ನೇಯುವಾಗ ಹರಿಯಬಾರದೆಂದು ಅದಕ್ಕೆ ಗಂಜಿ ಉಣಿಸಬೇಕು. ಮನೆಯೊಳಗೆ ಅಷ್ಟು ಉದ್ದ ಎಲ್ಲಿ? ಆದ್ದರಿಂದ ಬಿಸಿಲು ಏರುವ ಮುಂಚೆ ಓಣಿಯ ಈ ತುದಿಯಿಂದ ಆ ತುದಿಗೆ, ಎದೆಯೆತ್ತರಕ್ಕೆ, ಕವೆಗೋಲುಗಳ ಮೇಲೆ ಹಾಸನ್ನು ಬಿಗಿದು ನಿಲ್ಲಿಸುತ್ತಿದ್ದರು. ಗಂಜಿ ಹಚ್ಚಿ, ಎರಡೂ ಕಡೆ ಇಬ್ಬಿಬ್ಬರು ಎದುರುಬದುರು ನಿಂತು, ದೊಡ್ಡ ಕುಂಚಗಳಿಂದ, ನಮ್ಮ ಮಾತಿನಲ್ಲಿ ಕುಂಚಿಗಿ, ತಿಕ್ಕುತ್ತ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿದ್ದರು, ನೂಲು ಒಣಗುವ ತನಕ. ನಡುವೆ ಕೈ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ನೂಲಿಗೆ ನೂಲು ಅಂಟಿ ಹಾಸು ಹಗ್ಗವಾಗುತ್ತದೆ. ಅಷ್ಟೂ ನೂಲು ಹಾಳು. ಒಬ್ಬರ ಮನೆಯ ಹಾಸಿನ ಕೆಲಸಕ್ಕೆ ಓಣಿಯವರೆಲ್ಲ ಬರುತ್ತಿದ್ದರು, ಸಾವು ಮದುವೆಗೆ ಬಂದ ಹಾಗೆ. ನಾನು ಸಣ್ಣವಳಿದ್ದಾಗಲೇ ಇದು ನಿಂತುಹೋಗತೊಡಗಿತ್ತು, ಆದರೂ ಎರಡು ಮೂರು ಸಲ ನೋಡಿದ್ದೇನೆ. ಹಾಸು ಹಸಿ ಇದ್ದಾಗ ಅಡ್ಡ ಹೋದ ಮಕ್ಕಳಿಗೆ ಬೀಳುತ್ತಿದ್ದ ಏಟು ನನಗೂ ಬಿದ್ದಿದೆ.

ಹಾಗಾದರೆ ಅವತ್ತು ಓಣಿಯಲ್ಲಿ ಮಂದಿ ಇದ್ದರು. ಎಡಗಡೆಯ ಮನೆಯಿಂದ ಬಲಗಡೆಯ ಬಾವಿಗೆ ಹೋಗಬೇಕಾದರೆ ಆ ಹಾಸನ್ನು ದಾಟಲೇಬೇಕು. ಯಾರ ಕಣ್ಣಿಗೂ ಬೀಳದೆ ಒಬ್ಬಳು ಹೋಗುವುದು ಸಾಧ್ಯವೇ ಇಲ್ಲ, ಅವಳನ್ನು ಯಾರೋ ಎಳೆದೊಯ್ಯುವುದಂತೂ ದೂರವೇ ಉಳಿಯಿತು. ನಕ್ಷೆಯ ಮೇಲೆ ಬೆರಳಿಟ್ಟು ನಾನು ಗೆದ್ದವರ ಹಾಗೆ ನಕ್ಕೆ. ಇಂಥ ಸುಳಿವು ಯಾವ ಪತ್ತೇದಾರನಿಗೂ ಸಿಕ್ಕಿರಲಿಕ್ಕಿಲ್ಲ, ಸಿಕ್ಕರೂ ಅರ್ಥವಾಗುತ್ತಿರಲಿಲ್ಲ, ನೇಕಾರರ ಮಗಳಿಗೆ ಮಾತ್ರ ಆದೀತು ಎಂದುಕೊಂಡೆ.

ಬೆರಳು ಅಲ್ಲೇ ಇತ್ತು, ನಮ್ಮ ಅಜ್ಜನ ಮನೆಯ ಮೇಲೆ. ನಗು ಹೋಯಿತು. ಓಣಿಯ ಮಂದಿ ಎಂದರೆ ಯಾರು?

ಅವ್ವ ಒಳಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಂಬತ್ತು ದಾಟಿದ್ದಾಳೆ, ಕೈ ಮಾತ್ರ ಸುಮ್ಮನಿರುವುದಿಲ್ಲ. ಎದುರಿಗೆ ಕುಳಿತೆ.

‘ಅವ್ವಾ, ಕಣಗಿನಹಾಳದಿಂದ ಬಂದಿದ್ಲಲ್ಲ, ಬಾವಿಯೊಳಗ ಸತ್ಲಲ್ಲ, ಅಕಿ ನಿನಗ ಗೊತ್ತೇನು?’

ಮೊರ ನಿಂತಿತು. ‘ಯಾರ ಹೇಳಿದ್ರು ನಿನಗ?’

‘ಮೊನ್ನೆ ಮುಂಡರಗಿಯಿಂದ ಬಂದಿದ್ದಾಂವ ಅಕಿ ತಮ್ಮ.’

‘ಅಂವ ಇನ್ನೂ ಅದಾನ?’ ಅಂದಳು. ಆಮೇಲೆ, ‘ಕಾಲು ತಿಕ್ಕಾಕ ಹತ್ತಿದ್ದ, ನಮ್ಮ ಗ್ವಾಡಿಗೆ. ನಾ ನೀರು ಕೊಟ್ಟಿದ್ನಿ ತೊಳ್ಕೋ ಅಂತ’ ಎಂದಳು.

ಈ ಒಂದು ಮನೆಯಲ್ಲಿ, ನನ್ನ ಜೊತೆ, ದಿನಾ ರೊಟ್ಟಿ ತಟ್ಟುತ್ತ ಇದ್ದ ಸಾಕ್ಷಿಯನ್ನು ಬಿಟ್ಟು ನಾನು ಮೂರು ತಾಲೂಕು ತಿರುಗಿದ್ದೆ.

‘ಅವತ್ತು ಯಾರ ಹಾಸು ಇತ್ತವ್ವಾ?’

‘ನಮ್ಮದ.’

‘ಮತ್ತ ಅಕಿ?’

‘ರಾತ್ರಿ ಎಲ್ಲಾ ಆ ಮನ್ಯಾಗ ಬಡದಾಟ. ದಿನಾ ಇದ್ದದ್ದ ಅದು. ಮುಂಜಾನೆ ಬಾಗಲಾ ತಗದು ಹೊರಗ ಬಂದ್ಲು. ಕೂದ್ಲ ಕಟ್ಟಿದ್ದಿಲ್ಲ. ಕೈಯಾಗ ಕೊಡ ಇದ್ದಿಲ್ಲ.’ ಅವ್ವ ನನ್ನ ಮುಖ ನೋಡಿದಳು. ‘ಕೊಡ ಇಲ್ಲದ ಬಾವಿಗೆ ಯಾರರ ಹೋಗ್ತಾರೇನು?’

‘ಎಲ್ಲಾರೂ ನೋಡಿದ್ರು?’

‘ಎಲ್ಲಾರೂ. ನಮ್ಮಪ್ಪ, ನಮ್ಮಪ್ಪನ ತಮ್ಮ, ಓಣಿ ಮಂದಿ. ಹಾಸಿನ ಬುಡಕ ಬಗ್ಗಿ ದಾಟಿದ್ಲು. ಅಕಿನೂ ನೇಕಾರರ ಮಗಳ ನೋಡು, ಒಂದ ನೂಲಿಗೆ ತಲಿ ತಾಕಲಿಲ್ಲ. ಅಷ್ಟು ಸಾವಕಾಶ ದಾಟಿದ್ಲು. ಅಪ್ಪ ಅಂದ, ಕೈ ನಿಲ್ಲಸಬ್ಯಾಡ್ರಿ.’

‘ಅಜ್ಜಗ ತಿಳೀಲಿಲ್ಲೇನು ಅಕಿ ಯಾಕ ಹೊಂಟಾಳಂತ?’

‘ತಿಳೀಲಾರದ ಏನು? ಆಗ ಹಚ್ಚಿದ ಗಂಜಿ. ಬಿಟ್ಟು ಓಡಿದ್ರ ಹಾಸು ಹೋಗತಿತ್ತು.’

‘ನೀ ಏನ ಮಾಡ್ತಿದ್ದಿ?’

‘ಗಂಜಿ ಪಾತೇಲಿ ಹಿಡಕೊಂಡು ನಿಂತಿದ್ನಿ. ಅಕಿ ಕಟ್ಟಿ ಮ್ಯಾಲೆ ಕುಂತು ನಮ್ಮ ಕಡೆ ನೋಡಿದ್ಲು. ಜರಾ ಹೊತ್ತು ಕುಂತಿದ್ಲು. ಯಾರರ ಬರ್ತಾರೇನು ಅಂತ ನೋಡಿರಬೇಕು. ಆಮ್ಯಾಲೆ ಇದ್ದಿಲ್ಲ.’

‘ಆಮ್ಯಾಲೆ?’

‘ಕುಂಚಿಗಿ ಆ ದಂಡಿಗೆ ಹೋಗಿ ಈ ದಂಡಿಗೆ ಬಂತು. ನೂಲು ಆರಿತು. ಓಡಿದ್ರು.’ ಅವ್ವ ಮತ್ತೆ ಮೊರ ಎತ್ತಿಕೊಂಡಳು. ‘ಯಾರೂ ನೂಕಲಿಲ್ಲ. ಯಾರೂ ಹಿಡೀಲಿಲ್ಲ.’

ಜೋಳದಲ್ಲಿ ಕಲ್ಲು ಹುಡುಕುವವಳ ಹಾಗೆ ತಲೆ ಬಗ್ಗಿಸಿದಳು. ‘ನಮ್ಮಪ್ಪ ಕೆಟ್ಟಾಂವ ಅಲ್ಲ. ನೀ ಓದಿದಾಕಿ, ಅಂವನ್ನ ಕೆಟ್ಟಾಂವನ್ನ ಮಾಡಿ ಬರಿಬ್ಯಾಡ’ ಎಂದಳು.

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಅಜ್ಜನನ್ನು ನಾನು ಕಂಡಿದ್ದೆ. ಹಬ್ಬಕ್ಕೆ ನನಗೆ ಮೊದಲು ಹೋಳಿಗೆ ಕೊಡುತ್ತಿದ್ದ. ಇರುವೆಯ ಸಾಲು ಬಂದರೆ ಕಾಲು ಎತ್ತಿ ಹಾಕುತ್ತಿದ್ದ. ಕೆಟ್ಟವನಲ್ಲ ಎಂಬುದೇ ನನಗೆ ಸಹಿಸದ ಸಂಗತಿಯಾಯಿತು. ಕೆಟ್ಟವನಾಗಿದ್ದರೆ ಬಯ್ಯಬಹುದಿತ್ತು, ಕಾದಂಬರಿಯಲ್ಲಿ ಹಾಕಿ ಗಲ್ಲಿಗೇರಿಸಬಹುದಿತ್ತು.

ಕಾಕಾನಿಗೆ ಏನು ಹೇಳಲಿ? ಕಾಲು ಜಾರಿತು ಎಂದುಬಿಡಬಹುದಿತ್ತು. ಓಣಿಯೇ ಹೇಳಿದ ಮಾತು, ಇನ್ನೊಬ್ಬಳು ಹೇಳಿದರೆ ಏನು? ಆದರೆ ಒಂದು ಕಂದೀಲಿನ ಗಾಜಿಗೂ ಸುಳ್ಳು ಹೇಳಬಾರದೆಂದು ಹೊರಟವಳು ನಾನು. ಅವರು ಕೈ ಮುಗಿದದ್ದೂ ಕಣ್ಣ ಮುಂದಿತ್ತು. ಖರೆ ತಿಳಿದರೆ ಸಾಕು ಎಂದವರು ಅವರೇ ಅಲ್ಲವೇ ಎಂದು ಧೈರ್ಯ ಮಾಡಿ ಮುಂಡರಗಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗಾಳಿ ಗಿರಣಿಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು.

ಮಗಳ ಮನೆಯ ಪಡಸಾಲೆಯಲ್ಲಿ ಹೊರಸಿನ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಟೋಪಿ ಸರಿಮಾಡಿಕೊಂಡರು. ಮಗಳನ್ನು ಕರೆದು, ‘ಅಕ್ಕಾರ ಬಂದಾರ, ಚಾ ಇಡು, ಸಕ್ರಿ ಜರಾ ಜಾಸ್ತಿ ಹಾಕು’ ಎಂದರು. ನಾನು ಚಹಾ ಬರುವ ತನಕ ಕಾಯಲಿಲ್ಲ. ಅವ್ವ ಹೇಳಿದ್ದನ್ನು ಅವ್ವ ಹೇಳಿದ ಕ್ರಮದಲ್ಲೇ ಹೇಳಿದೆ. ಕೊಡ ಇರಲಿಲ್ಲ. ಬಗ್ಗಿ ದಾಟಿದಳು. ಕಟ್ಟೆಯ ಮೇಲೆ ಕುಳಿತು ನೋಡಿದಳು.

ಮುಗಿದ ಮೇಲೆ ಅವರು ಕೇಳಿದರು.

‘ಹಾಸು ಯಾರ್ದು?’

‘ನಮ್ಮಜ್ಜಂದು ಕಾಕಾ. ಅವ್ವನ ಅಪ್ಪಂದು.’

‘ಗಂಜಿ ಹಸಿ ಇತ್ತು?’

‘ಆಗ ಹಚ್ಚಿದ್ರಂತ.’

‘ಹಂಗಾರ ಬಿಡಾಕ ಬರೂದಿಲ್ಲ’ ಎಂದರು. ನೇಕಾರ ನೇಕಾರರ ಮಗಳಿಗೆ ಹೇಳುವ ದನಿಯಲ್ಲಿ ಎಂದರು. ಅದು ಕ್ಷಮೆಯಲ್ಲ; ಕಸುಬಿನ ಮಾತು. ನನಗೆ ಎದೆ ಹಗುರಾಗಲಿಲ್ಲ.

ಮಗಳು ಚಹಾ ತಂದಿಟ್ಟು ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದಳು.

‘ಆ ಅಂಟು ಗಂಜಿ ಅಂತ ನನಗೂ ಮುಂದ ತಿಳೀತವ್ವ’ ಎಂದರು ಅವರು. ಅಕ್ಕಾರ ಅನ್ನುವುದನ್ನು ಬಿಟ್ಟಿದ್ದರು. ‘ನಾನೂ ಜನ್ಮ ಪೂರ್ತಿ ನೇದಾಂವ. ಓಣಿಯೊಳಗ ಮಂದಿ ಇತ್ತು ಅಂತ ನನಗ ಗೊತ್ತು. ಆದ್ರ ನಾ ಏನ ತಿಳ್ಕೊಂಡಿದ್ನಿ ಅಂದ್ರ, ಅವ್ರು ಹಾಸು ಬಿಟ್ಟು ಓಡ್ಯಾರ, ಹೋಗಿ ಮುಟ್ಟೂದ್ರಾಗ ಆಗಿ ಹೋಗೇತಿ. ಅದಕ್ಕ ಓಣಿ ತುಂಬ ಗಂಜಿ ಚೆಲ್ಲೇತಿ ಅಂತ. ಗಾಬರಿಯೊಳಗ ಪಾತೇಲಿ ಕೈಬಿಟ್ಟು ಓಡ್ಯಾರ ಅಂತ.’

ಕೋಲನ್ನು ಎರಡೂ ಕೈಯಿಂದ ಹಿಡಿದು ನೆಲ ನೋಡಿದರು.

‘ಇಷ್ಟು ವರ್ಷ ಮನಸಿನೊಳಗ ಅವರನ್ನ ಬಾವಿ ಕಡೆ ಓಡಿಸಿದ್ನಿ ನಾ.’

ಆಗ ನನಗೆ ತಿಳಿಯಿತು ನಾನು ಏನು ತಂದಿದ್ದೇನೆಂದು. ಅವರು ಕೇಳಿದ ಪ್ರಶ್ನೆಗೆ ಉತ್ತರ ತಂದಿದ್ದೆ, ಸರಿ. ಆದರೆ ಆ ಉತ್ತರಕ್ಕೆ ಅವರ ಹತ್ತಿರ ಇದ್ದ ಒಂದೇ ಒಂದು ಸಮಾಧಾನ ಸಂದುಹೋಯಿತು: ಅಕ್ಕನ ಕಡೆಗೆ ಯಾರೋ ಓಡಿ ಬಂದರು ಎಂಬುದು. ಪುಸ್ತಕದ ಪತ್ತೇದಾರ ಸತ್ಯ ಹೇಳಿ ಟೋಪಿ ಹಾಕಿಕೊಂಡು ಹೋಗಿಬಿಡುತ್ತಾನೆ. ಕೇಳಿಸಿಕೊಂಡವರು ಆಮೇಲೆ ಹೇಗೆ ಉಣ್ಣುತ್ತಾರೆ, ಹೇಗೆ ಮಲಗುತ್ತಾರೆ ಎಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

‘ತಪ್ಪಾತು ಕಾಕಾ, ಹೇಳಬಾರದಿತ್ತು’ ಎಂದೆ.

‘ನಾನ ಕೇಳಿದ್ನಲ್ಲ’ ಎಂದರು. ಕೋಲು ಪಕ್ಕಕ್ಕಿಟ್ಟು, ‘ಕತಿ ಬರೀತೀನಿ ಅಂದಿದ್ಯಲ್ಲ, ಖರೇನೇನು ಅದು?’ ಎಂದು ಕೇಳಿದರು.

‘ಖರೆ.’

‘ಅದರೊಳಗೂ ಬಾವಿ ಐತೇನು? ಹಾಸು?’

‘ಬಾವಿ ಐತಿ. ಹಾಸು ಈಗ ಹಾಕಬೇಕು.’

‘ನಿನ್ನ ಕತಿಯೊಳಗರ ಯಾರರ ಕುಂಚಿಗಿ ಕೆಳಗಿಡ್ತಾರೇನವ್ವ?’

ನಾನು ನಿಜವನ್ನೇ ಹೇಳಿದೆ. ಬೇರೆ ಹೇಳಲು ನನಗೆ ಬರುವುದಿಲ್ಲ. ‘ಆಗಿನ ಕಾಲದಾಗ ಇಡ್ತಿದ್ದಿಲ್ಲ ಕಾಕಾ.’

‘ಆಗಿನ ಕಾಲ ನನಗೂ ಗೊತ್ತೈತಿ’ ಎಂದರು. ‘ನಾ ಕೇಳಿದ್ದು ನಿನ್ನ ಕತಿ.’

ಅವರು ಹೊರಸಿನ ಮೇಲೆ ಮೆಲ್ಲಗೆ ಅಡ್ಡಾಗಿ ಗೋಡೆಯ ಕಡೆ ತಿರುಗಿದರು. ಮಗಳು ಬಂದು, ‘ಅಪ್ಪಗ ಆರಾಮಿಲ್ಲ ಅನಸ್ತೈತಿ, ನೀವು ಹೋಗಿ ಬರ್ರಿ ಅಕ್ಕಾರ’ ಎಂದಳು. ಆಮೇಲೆ ಎರಡು ಸಲ ಫೋನು ಮಾಡಿದೆ. ಎರಡು ಸಲವೂ ಮಗಳೇ ಎತ್ತಿ, ಅಪ್ಪ ಮಲಗಿದ್ದಾರೆ ಎಂದಳು. ಮೂರನೆಯ ಸಲ ಮಾಡುವ ಮನಸ್ಸಾಗಲಿಲ್ಲ.

ಕಾದಂಬರಿಯಲ್ಲಿ ಆ ಅಧ್ಯಾಯ ಬರೆದಿದ್ದೇನೆ. ಓಣಿ ಇದೆ, ಕವೆಗೋಲುಗಳಿವೆ, ಹಾಸು ಹಸಿಯಾಗಿದೆ. ಅವಳು ಬಗ್ಗಿ ದಾಟಿ ಕಟ್ಟೆಯ ಮೇಲೆ ಕುಳಿತಿದ್ದಾಳೆ. ಕಾಕಾ ಕೇಳಿದರೆಂದು ಒಂದು ಸಾಲು ಹಾಕಿ ನೋಡಿದೆ: ಒಬ್ಬ ಕುಂಚ ಬಿಸಾಕಿ ಓಡುತ್ತಾನೆ. ಓದಿದರೆ ಸುಳ್ಳು. ಬೆಟಗೇರಿಯ ಯಾವ ಮನುಷ್ಯ ಓದಿದರೂ, ಇದನ್ನು ಬರೆದವಳು ಹಾಸು ಕಂಡವಳಲ್ಲ ಎನ್ನುತ್ತಾನೆ. ಆ ಸಾಲು ಹೊಡೆದು ಹಾಕಿದೆ. ಹೊಡೆದ ಮೇಲೆ ಎಲ್ಲವೂ ಸರಿಯಾಗಿದೆ, ಗಡಗಡಿ, ಹಗ್ಗ, ಕಟ್ಟೆಯ ಎತ್ತರ, ಒಂದಾದರೂ ತಪ್ಪಿಲ್ಲ. ಅಲ್ಲಿಂದ ಮುಂದೆ ಒಂದು ಸಾಲೂ ಬರೆಯಲು ನನ್ನಿಂದ ಆಗಿಲ್ಲ.